ಹತ್ತು ಮನೆಯ ಗಿನಿ, ದೇಶದ ಗಿನಿ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಮೇಷ್ಟ್ರು. ಒಂಬತ್ತನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಹತ್ತಿರದ ಕೇರಿಯೊಂದರ 10 ಮನೆಗಳ ವರ್ಷದ ಆದಾಯ ಬರೆದುಕೊಂಡೆ. ಸಾವಿರ ರೂಪಾಯಿ ಲೆಕ್ಕದಲ್ಲಿ ಅವು 80, 90, 100, 120, 130, 150, 180, 250, 400, 1000. ಕೊನೆಯ ಮೂರು ಅಡಿಕೆ ತೋಟದ ಮನೆಗಳು, ಉಳಿದ ಏಳು ಕೂಲಿ ಮಾಡುವ ಮನೆಗಳು. ಅಸಮಾನತೆ ಅಳೆಯುವ ಗಿನಿ ಗುಣಾಂಕ (0 ಎಂದರೆ ಎಲ್ಲರಿಗೂ ಸಮ, 1ರ ಹತ್ತಿರ ಹೋದಷ್ಟೂ ಅಸಮಾನತೆ ಹೆಚ್ಚು) 0.456 ಬಂತು. ಆದರೆ ಇಡೀ ಭಾರತದ ಗಿನಿ 0.255 ಮಾತ್ರ, ಜಗತ್ತಿನಲ್ಲೇ ಅಸಮಾನತೆ ಕಡಿಮೆ ಇರುವ ದೇಶಗಳ ಸಾಲಿನಲ್ಲಿ ನಾವಿದ್ದೇವೆ ಎಂದು ಓದಿದ್ದೇನೆ. ನಮ್ಮ ಲೆಕ್ಕದಲ್ಲಿ ತಪ್ಪಾಗಿದೆಯೇ? ಅಸಮಾನತೆ ಅಳೆಯಲು ಗಿನಿ ಒಂದೇ ಸಾಕೇ?

ಉತ್ತರ: ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿದೆ. ನಾನೂ ಒಮ್ಮೆ ಕೂತು ಹಾಕಿ ನೋಡಿದೆ. ಆದಾಯಗಳನ್ನು ಏರಿಕೆ ಕ್ರಮದಲ್ಲಿ ಬರೆದು, ಪ್ರತಿಯೊಂದನ್ನೂ ಅದರ ಕ್ರಮಸಂಖ್ಯೆಯಿಂದ ಗುಣಿಸಿ ಕೂಡಿದರೆ 19,450. ಅದರ ಎರಡರಷ್ಟನ್ನು ಮನೆಗಳ ಸಂಖ್ಯೆ 10 ಮತ್ತು ಒಟ್ಟು ಆದಾಯ 2,500, ಇವುಗಳ ಗುಣಲಬ್ಧದಿಂದ ಭಾಗಿಸಿದರೆ 1.556. ಅದರಲ್ಲಿ 1.1 ಕಳೆದರೆ 0.456. ದೇಶದ 0.255 ಕೂಡ ಅದರ ಲೆಕ್ಕದ ಮಟ್ಟಿಗೆ ತಪ್ಪಲ್ಲ. ಎರಡೂ ಸರಿಯಿದ್ದೂ ಇಷ್ಟು ಅಂತರ ಹೇಗೆ ಬರುತ್ತದೆ ಎಂದು ಮಕ್ಕಳಿಗೆ ಅರ್ಥವಾದರೆ, ಈ ವಿಷಯದಲ್ಲಿ ಅರ್ಧ ಪಾಠ ಮುಗಿದ ಹಾಗೆ.

ಗಿನಿ ಎಂದರೆ ಏನು ಎಂಬುದನ್ನು ಸೂತ್ರದಿಂದ ಹೇಳಿಕೊಡುವ ಬದಲು ಜೋಡಿಗಳಿಂದ ಹೇಳಿಕೊಡಿ. ಹತ್ತು ಮನೆಯಲ್ಲಿ 45 ಜೋಡಿಗಳಾಗುತ್ತವೆ. ಮಕ್ಕಳು ಒಂದೊಂದು ಜೋಡಿಯ ಆದಾಯದ ಅಂತರ ತೆಗೆದು ಸರಾಸರಿ ಮಾಡಲಿ. 2 ಲಕ್ಷ 53 ಸಾವಿರ ಚಿಲ್ಲರೆ ಬರುತ್ತದೆ. ಈ ಕೇರಿಯ ಸರಾಸರಿ ಆದಾಯವೇ ಎರಡೂವರೆ ಲಕ್ಷ. ಅಂದರೆ ಕಣ್ಣುಮುಚ್ಚಿ ಎರಡು ಮನೆ ಆರಿಸಿದರೆ, ಅವುಗಳ ನಡುವಿನ ಅಂತರ ಸರಾಸರಿಯಲ್ಲಿ ಒಂದು ಮನೆಯ ಸರಾಸರಿ ಆದಾಯಕ್ಕಿಂತ ತುಸು ಹೆಚ್ಚೇ ಇದೆ. ಆ ಅಂತರವನ್ನು ಸರಾಸರಿಯಿಂದ ಭಾಗಿಸಿ ಅರ್ಧ ಮಾಡಿದರೆ 0.507 ಸಿಗುತ್ತದೆ. ಇದು ನಿಮ್ಮ 0.456 ಅನ್ನು 10ರಿಂದ ಗುಣಿಸಿ 9ರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ. ಆ ಕೇರಿಯಲ್ಲಿ ಇರುವುದೇ ಹತ್ತು ಮನೆಯಾದರೆ, ನಮ್ಮ ಮಲೆನಾಡಿನಲ್ಲಿ ಅದೇನು ಅಪರೂಪವಲ್ಲ, 0.456 ಇಟ್ಟುಕೊಳ್ಳಿ. ದೊಡ್ಡ ಊರಿನಿಂದ ಹತ್ತನ್ನು ಆರಿಸಿದ್ದಾದರೆ ತಿದ್ದಿದ 0.507 ಹೆಚ್ಚು ಸೂಕ್ತ, ಏಕೆಂದರೆ ಮಾದರಿ ಚಿಕ್ಕದಾದಷ್ಟೂ ಮೂಲ ಸೂತ್ರ ಅಸಮಾನತೆಯನ್ನು ಕಡಿಮೆ ತೋರಿಸುತ್ತದೆ.

ಇದನ್ನೇ ಚಿತ್ರವಾಗಿ ಬರೆಯುವ ದಾರಿಯನ್ನು ಅಮೆರಿಕದ ಮ್ಯಾಕ್ಸ್ ಲೊರೆನ್ಸ್ 1905ರಲ್ಲಿ ತೋರಿಸಿದರು. ಬಡವರಿಂದ ಶುರುಮಾಡಿ ಮನೆಗಳನ್ನು ಕೂಡುತ್ತಾ ಹೋಗಿ, ಅಷ್ಟು ಮನೆಗೆ ಒಟ್ಟು ಆದಾಯದ ಎಷ್ಟು ಪಾಲು ಸಿಕ್ಕಿತು ಎಂದು ಗುರುತು ಹಾಕುವುದು. ನಿಮ್ಮ ಕೇರಿಯಲ್ಲಿ ಕೆಳಗಿನ ಐದು ಮನೆಗೆ ಸಿಕ್ಕಿದ್ದು ಶೇ. 20.8. ಎಲ್ಲರಿಗೂ ಸಮವಾಗಿದ್ದರೆ ಶೇ. 50 ಇರಬೇಕಿತ್ತು. ಸಮತೆಯ ನೇರ ಗೆರೆಗೂ ಈ ಬಾಗಿದ ಗೆರೆಗೂ ನಡುವಿನ ಜಾಗವನ್ನು ಒಂದೇ ಸಂಖ್ಯೆಯಾಗಿ ಹೇಳಿದ್ದು ಇಟಲಿಯ ಕೊರಾಡೊ ಗಿನಿ, 1912ರಲ್ಲಿ. ಗ್ರಾಫ್ ಹಾಳೆಯ ಮೇಲೆ ಮಕ್ಕಳ ಕೈಯಲ್ಲೇ ಬರೆಸಿ. ಹೊಟ್ಟೆ ಉಬ್ಬಿದ ಆ ಗೆರೆಯನ್ನು ಒಮ್ಮೆ ಬರೆದ ಮಗು ಅದನ್ನು ಮರೆಯುವುದಿಲ್ಲ.

ಈಗ 0.255ಕ್ಕೆ ಬರೋಣ. ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟಿರುವ 2022-23ರ ಆ ಸಂಖ್ಯೆ ಆದಾಯದ್ದಲ್ಲ, ಖರ್ಚಿನದ್ದು. ನಮ್ಮ ಸರ್ಕಾರದ ಸಮೀಕ್ಷಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಕೇಳುವುದು ಅಕ್ಕಿ ಎಷ್ಟು ತಂದಿರಿ, ಬಸ್ಸಿಗೆ ಎಷ್ಟಾಯಿತು, ಶಾಲೆ ಫೀಸು, ಔಷಧಿ, ಬಟ್ಟೆ ಎಷ್ಟಾಯಿತು ಎಂದು. ಎಷ್ಟು ದುಡಿದಿರಿ ಎಂದಲ್ಲ. ಸಂಬಳವಿಲ್ಲದ, ಲೆಕ್ಕದ ಪುಸ್ತಕವಿಲ್ಲದ ಕೋಟಿಗಟ್ಟಲೆ ಮನೆಗಳಲ್ಲಿ ಆದಾಯ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ, ಖರ್ಚು ನೆನಪಿನಲ್ಲಿರುತ್ತದೆ. ಹಾಗಾಗಿ ಈ ಪದ್ಧತಿಗೆ ಒಳ್ಳೆಯ ಕಾರಣವೇ ಇದೆ. ಆದರೆ ಅನೇಕ ದೇಶಗಳು ಆದಾಯದ ಗಿನಿ ಕೊಡುತ್ತವೆ. ಅದನ್ನೂ ನಮ್ಮದನ್ನೂ ಒಂದೇ ಪಟ್ಟಿಯಲ್ಲಿಟ್ಟು ಯಾರು ಮೇಲೆ, ಯಾರು ಕೆಳಗೆ ಎನ್ನುವುದು ಒಬ್ಬರ ಹಸಿ ಅಡಿಕೆ ತೂಕವನ್ನು ಇನ್ನೊಬ್ಬರ ಒಣ ಅಡಿಕೆ ತೂಕದ ಜೊತೆ ಹೋಲಿಸಿದ ಹಾಗೆ. ಕ್ವಿಂಟಲ್ ಹಸಿ ಕಾಯಿ ಸುಲಿದು, ಬೇಯಿಸಿ, ಒಣಗಿಸಿದರೆ ಉಳಿಯುವುದು ಹನ್ನೆರಡು-ಹದಿಮೂರು ಕೆಜಿ ಎಂದು ನಿಮ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಹತ್ತು ಮನೆಯನ್ನೇ ತೆಗೆದುಕೊಂಡು ಖರ್ಚನ್ನು ಊಹಿಸೋಣ. 80 ಸಾವಿರ ದುಡಿದ ಮನೆ 90 ಸಾವಿರ ಖರ್ಚು ಮಾಡಿರುತ್ತದೆ, ಉಳಿದ ಹತ್ತು ಸಾವಿರ ಸಂಘದ ಸಾಲ. 10 ಲಕ್ಷದ ಮನೆ ಮೂರೂವರೆ ಲಕ್ಷ ಖರ್ಚು ಮಾಡಿದರೆ ಹೆಚ್ಚು. ಕೆಳಗಿನಿಂದ ಮೇಲಕ್ಕೆ 90, 95, 100, 115, 120, 135, 155, 190, 250, 350 ಎಂದಿಟ್ಟುಕೊಳ್ಳಿ. ಗಿನಿ ತೆಗೆಯಿರಿ. 0.251 ಬರುತ್ತದೆ! ಅದೇ ಕೇರಿ, ಅದೇ ಹತ್ತು ಮನೆ, ಅದೇ ವರ್ಷ. ಮಕ್ಕಳ ಮುಂದೆ ಬೋರ್ಡಿನ ಮೇಲೆ ಎರಡೂ ಲೆಕ್ಕ ಅಕ್ಕಪಕ್ಕ ಬರೆಯಿರಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದೇ.

ಖರ್ಚಿನ ಗಿನಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಉಣ್ಣುವುದರಲ್ಲಿ, ಉಡುವುದರಲ್ಲಿ ಅಂತರ ಎಷ್ಟು ಎಂಬುದಕ್ಕೆ ಅದು ಒಳ್ಳೆಯ ಉತ್ತರ. ಕೇಂದ್ರ ಸರ್ಕಾರದ ಸ್ವಂತ ಲೆಕ್ಕದಲ್ಲಿ (ವಿಶ್ವಬ್ಯಾಂಕಿನ ಲೆಕ್ಕದ ವಿಧಾನ ಬೇರೆ) ಗ್ರಾಮೀಣ ಭಾರತದ ಖರ್ಚಿನ ಗಿನಿ 2022-23ರಲ್ಲಿ 0.266 ಇದ್ದದ್ದು 2023-24ರಲ್ಲಿ 0.237ಕ್ಕೆ ಇಳಿದಿದೆ, ನಗರಗಳಲ್ಲಿ 0.314ರಿಂದ 0.284ಕ್ಕೆ. ಅಷ್ಟರ ಮಟ್ಟಿಗೆ ಅದು ಸುದ್ದಿಯೇ. ಆದರೆ ಹತ್ತನೇ ಮನೆಯಲ್ಲಿ ಖರ್ಚಾಗದೆ ಉಳಿದ ಆರೂವರೆ ಲಕ್ಷ ಎಲ್ಲಿಗೆ ಹೋಯಿತು? ಬ್ಯಾಂಕಿನ ಠೇವಣಿಗೆ, ಶಿವಮೊಗ್ಗದಲ್ಲೊಂದು ಸೈಟಿಗೆ, ಪಕ್ಕದವರು ಮಾರಿದ ಅರ್ಧ ಎಕರೆ ತೋಟಕ್ಕೆ. ಮುಂದಿನ ವರ್ಷದ ಅಸಮಾನತೆ ಹುಟ್ಟುವುದೇ ಅಲ್ಲಿ, ಖರ್ಚಿನ ಲೆಕ್ಕಕ್ಕೆ ಕಾಣದಿರುವುದೂ ಅದೇ. ಆದಾಯವನ್ನೇ ಅಂದಾಜು ಮಾಡುವ ವಿಶ್ವ ಅಸಮಾನತಾ ದತ್ತಸಂಚಯದ ಪ್ರಕಾರ ಭಾರತದ ಆದಾಯದ ಗಿನಿ 2004ರಲ್ಲಿ 0.52 ಇದ್ದದ್ದು 2023ಕ್ಕೆ 0.62 ಆಗಿದೆ. ಅದೇ ಗುಂಪಿನ ಸಂಶೋಧಕರು 2024ರಲ್ಲಿ ಹೊರತಂದ ಅಧ್ಯಯನದಲ್ಲಿ 2022-23ರಲ್ಲಿ ಮೇಲಿನ ಶೇ. 1 ಜನರಿಗೆ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಸೇರುತ್ತದೆ ಎಂದು ಅಂದಾಜಿಸಿದ್ದಾರೆ. 0.255 ಕೊಟ್ಟ ವಿಶ್ವಬ್ಯಾಂಕಿನ ಟಿಪ್ಪಣಿಯೇ, ಸಮೀಕ್ಷೆಯ ಮಿತಿಗಳಿಂದಾಗಿ ಅಸಮಾನತೆ ಇದ್ದದ್ದಕ್ಕಿಂತ ಕಡಿಮೆ ಕಂಡಿರಬಹುದು ಎಂದೂ ಹೇಳಿತ್ತು. ಸುದ್ದಿಯಾದದ್ದು ಮೊದಲ ಸಾಲು ಮಾತ್ರ.

ದೇಶದ ಗಿನಿ ಕಡಿಮೆ ಕಾಣುವುದಕ್ಕೆ ಎರಡನೆಯ ಕಾರಣ ಇನ್ನೂ ಸರಳ. ನಿಮ್ಮ ಪಟ್ಟಿಯಿಂದ ಹತ್ತನೇ ಮನೆಯನ್ನು ತೆಗೆದುಹಾಕಿ ಗಿನಿ ಹಾಕಿ ನೋಡಿ. 0.456 ಇದ್ದದ್ದು 0.289ಕ್ಕೆ ಕುಸಿಯುತ್ತದೆ. ಒಂದೇ ಮನೆ! ಸಮೀಕ್ಷೆಗಳಲ್ಲಿ ಮೊದಲು ತಪ್ಪಿಹೋಗುವುದು ಅಂಥ ಮನೆಯೇ. ಗೇಟು ಹಾಕಿರುತ್ತದೆ, ಯಜಮಾನರು ಬೆಂಗಳೂರಿಗೆ ಮಗನ ಮನೆಗೆ ಹೋಗಿರುತ್ತಾರೆ, ಇದ್ದರೂ ‘ನಮ್ಮದೇನು ಮಹಾ’ ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನೂ ಮೇಲಿನವರಂತೂ ಎರಡೂವರೆ ಲಕ್ಷ ಮನೆಯ ಮಾದರಿಯಲ್ಲೂ ಸಿಗುವುದು ಅಪರೂಪ. ಅದಕ್ಕಾಗಿ ಸಂಶೋಧಕರು ಕೆಳಗಿನವರ ಲೆಕ್ಕವನ್ನು ಸಮೀಕ್ಷೆಯಿಂದಲೂ ಮೇಲಿನವರ ಲೆಕ್ಕವನ್ನು ಆದಾಯ ತೆರಿಗೆಯ ಅಂಕಿಗಳಿಂದಲೂ ತೆಗೆದುಕೊಂಡು ಹೊಲಿಗೆ ಹಾಕುತ್ತಾರೆ. ಶ್ರೀಮಂತರ ತುದಿ ಯಾವ ಆಕಾರದಲ್ಲಿ ಇಳಿಯುತ್ತದೆ ಎಂಬುದಕ್ಕೆ 1890ರ ದಶಕದಲ್ಲಿ ವಿಲ್ಫ್ರೆಡೊ ಪರೇಟೊ ಕೊಟ್ಟ ಸೂತ್ರ ಇವತ್ತಿಗೂ ಆ ಹೊಲಿಗೆಯ ದಾರ. ಆ ಹೊಲಿಗೆಯಲ್ಲಿ ಊಹೆಗಳೂ ಇವೆ, ಆದ್ದರಿಂದ 0.62 ಅನ್ನು ಕಲ್ಲಿನ ಮೇಲೆ ಕೆತ್ತಿದ್ದು ಎಂದು ತಿಳಿಯಬಾರದು.

ನಮ್ಮ ಸೀಮೆಗೆ ಇಲ್ಲೊಂದು ವಿಶೇಷ ತೊಡಕಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೇರೆ ತೆರಿಗೆ ಆದಾಯ ಇದ್ದವರು ದರ ಲೆಕ್ಕಕ್ಕಾಗಿ ಅದನ್ನು ತೋರಿಸಬೇಕಾಗುತ್ತದೆ, ಅಷ್ಟೆ. ಹಾಗಾಗಿ ತೋಟವನ್ನೇ ನೆಚ್ಚಿದ ದೊಡ್ಡ ಮನೆ ಖರ್ಚಿನ ಸಮೀಕ್ಷೆಯಲ್ಲಿ ಮಧ್ಯಮ ವರ್ಗದಂತೆ ಕಾಣುತ್ತದೆ, ತೆರಿಗೆ ಅಂಕಿಯಲ್ಲಿ ಕಾಣುವುದೇ ಇಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಅಸಮಾನತೆಯ ಮೇಲ್ತುದಿ ಎರಡೂ ಬಲೆಗೆ ಬೀಳದ ಮೀನು. ನಿಮ್ಮಂಥವರು ಮನೆಮನೆಗೆ ಹೋಗಿ ಬರೆದ ಹತ್ತು ಅಂಕಿಗೆ ಬೆಲೆ ಇರುವುದು ಇದಕ್ಕೇ.

ಹಾಗೆಂದು ನಿಮ್ಮ ಅಂಕಿಗಳನ್ನೂ ಪರೀಕ್ಷೆ ಮಾಡದೆ ಬಿಡಲಾರೆ. ಹತ್ತನೇ ಮನೆಯ 10 ಲಕ್ಷ ಎಂದರೆ ಯಾವ 10 ಲಕ್ಷ? ಮಂಡಿಯ ಪಟ್ಟಿಯಲ್ಲಿದ್ದ ಮೊತ್ತವೋ, ಕೊನೆ (ಅಡಿಕೆ ಗೊನೆ) ತೆಗೆದವರ ಕೂಲಿ, ಸುಲಿಸಿದ ಕೂಲಿ, ಗೊಬ್ಬರ, ಕೊಳೆರೋಗಕ್ಕೆ ಹೊಡೆಸಿದ ಔಷಧಿ ಎಲ್ಲ ಕಳೆದು ಉಳಿದದ್ದೋ? ಖರ್ಚು 4 ಲಕ್ಷ ಇತ್ತು ಎಂದುಕೊಳ್ಳಿ. ಆಗ ಆ ಮನೆಯ ಆದಾಯ 6 ಲಕ್ಷ, ಕೇರಿಯ ಗಿನಿ 0.371. ಕೂಲಿಯ ಮನೆಗೆ ಬಂದದ್ದೆಲ್ಲ ನಿವ್ವಳ, ತೋಟದ ಮನೆಗೆ ಬಂದದ್ದು ಒಟ್ಟು ಮಾರಾಟ. ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ತೋಟದವರಿಗೆ ಅನ್ಯಾಯವಾಗುತ್ತದೆ. ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ, ಕೊಟ್ಟ ತೋಟವಾದರೆ ಬಂದ ಹಣದಲ್ಲಿ ಕೊಯ್ಲಿನ ಖರ್ಚು ಆಗಲೇ ಕಳೆದಿರುತ್ತದೆ, ಅದನ್ನು ಬೇರೆಯಾಗಿ ನೋಡಬೇಕು. ಸೊಸೈಟಿಯಿಂದ ತಂದ ಬೆಳೆಸಾಲವನ್ನು ಯಾರೂ ಆದಾಯ ಎಂದು ಬರೆದಿಲ್ಲ ತಾನೇ, ಅದನ್ನೂ ನೋಡಿ.

ಅಳೆಯುವ ಪಾತ್ರೆಯ ಬಗ್ಗೆ ಇಷ್ಟು ಹಟ ಹಿಡಿಯುವುದು ನಮ್ಮ ನೆಲಕ್ಕೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಮುಖ್ಯ ತಕರಾರುಗಳಲ್ಲಿ ಒಂದು ಕೊಳಗದ ಗಾತ್ರದ್ದು. ಗೇಣಿ ಇಷ್ಟು ಕೊಳಗ ಎಂದು ಮಾತಾಗಿದ್ದರೂ, ಒಡೆಯರ ಕಣದಲ್ಲಿ ಅಳೆಯುವ ಕೊಳಗ ದೊಡ್ಡದಾದರೆ ಬತ್ತ ಹೋಗುವುದು ರೈತನ ಪಾಲಿನಿಂದ. ಎಷ್ಟು ಕೊಳಗ ಎಂಬುದಕ್ಕಿಂತ ಯಾವ ಕೊಳಗ ಎಂಬುದನ್ನು ಆ ಜನ ಕೇಳಿದರು. ಕಾಗೋಡಿನಲ್ಲಿ ಕೂಗಿದ್ದು 1974ರ ಭೂಸುಧಾರಣೆಯವರೆಗೂ ಕೇಳಿಸಿತು. ಗಿನಿಯ ಪಾಠ ಮಾಡುವಾಗ ನಾನು ಕಾಗೋಡಿನ ಕೊಳಗದಿಂದಲೇ ಶುರು ಮಾಡುತ್ತಿದ್ದೆ.

ಇನ್ನು ವರ್ಷದ ಮಾತು. ಅಡಿಕೆಯ ಧಾರಣೆ ಏರಿಳಿಯುತ್ತದೆ, ಆಷಾಢದ ಮಳೆ ಬಿಡದೆ ಹೊಡೆದರೆ ಕೊಳೆ ಬರುತ್ತದೆ, ಈಗ ಎಲೆಚುಕ್ಕಿ ರೋಗ ಬೇರೆ. ಒಂದು ತೋಟಕ್ಕೆ ಈ ವರ್ಷ 8 ಲಕ್ಷ, ಬರುವ ವರ್ಷ 2 ಲಕ್ಷ, ಅದರ ಮುಂದಿನ ವರ್ಷ 5 ಲಕ್ಷ. ಗುಡ್ಡದ ಆಚೆಯ ತೋಟಕ್ಕೆ 2, 8, 5. ಮೊದಲೆರಡು ವರ್ಷಗಳಲ್ಲಿ ಯಾವುದನ್ನು ಅಳೆದರೂ ಇಬ್ಬರ ನಡುವೆ ಭಾರಿ ಅಂತರ, ಮೂರು ವರ್ಷದ ಸರಾಸರಿಯಲ್ಲಿ ಇಬ್ಬರೂ ಸಮ. ಒಂದೇ ವರ್ಷದ ಗಿನಿಯಲ್ಲಿ ಅದೃಷ್ಟವೂ ಬೆರೆತಿರುತ್ತದೆ. ಸಾಧ್ಯವಾದರೆ ಮೂರು ವರ್ಷದ್ದು ಕೇಳಿ. ಹಾಗೆಯೇ ಮನೆಯಲ್ಲಿ ಎಷ್ಟು ಜನ ಎಂಬುದನ್ನು ಬಿಡಬೇಡಿ. ಸರ್ಕಾರದ ಸಮೀಕ್ಷೆ ತಲಾ ಲೆಕ್ಕ ತೆಗೆಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತಾರೆ, ನಾಲ್ಕು ಜನರ ಮನೆಗೆ 2ರಿಂದ, ಒಂಬತ್ತು ಜನರ ಕೂಡು ಕುಟುಂಬಕ್ಕೆ 3ರಿಂದ, ಏಕೆಂದರೆ ಒಂದೇ ಒಲೆ, ಒಂದೇ ಸೂರು. ಯಾವುದನ್ನಾದರೂ ಹಿಡಿಯಿರಿ, ಹಿಡಿದದ್ದನ್ನು ಬರೆದಿಡಿ.

ಗಿನಿ ಒಂದೇ ಸಾಕೇ ಎಂದು ಕೇಳಿದ್ದೀರಿ. ಸಾಲದು. ಗಿನಿಗೆ ಒಂದು ಕುರುಡಿದೆ. ಮೊದಲ ಎರಡು ಮನೆಗಳಲ್ಲಿ 90 ಸಾವಿರದ ಮನೆಯಿಂದ 80 ಸಾವಿರದ ಮನೆಗೆ 5 ಸಾವಿರ ದಾಟಿಸಿ. ಅಥವಾ 10 ಲಕ್ಷದ ಮನೆಯಿಂದ 4 ಲಕ್ಷದ ಮನೆಗೆ 5 ಸಾವಿರ ದಾಟಿಸಿ. ಎರಡು ಸಲವೂ ಗಿನಿ ಇಳಿಯುವುದು ಒಂದೇ ಅಷ್ಟು, 0.0004. ಕೊಟ್ಟವರಿಗೂ ಪಡೆದವರಿಗೂ ನಡುವೆ ಎಷ್ಟು ಮನೆ ಎಂದು ಮಾತ್ರ ಅದು ನೋಡುತ್ತದೆ. 80 ಸಾವಿರದ ಮನೆಯಲ್ಲಿ 5 ಸಾವಿರ ಎಂದರೆ ಮಗುವಿನ ಕಾಲೇಜು ಫೀಸು, 4 ಲಕ್ಷದ ಮನೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ಈ ವ್ಯತ್ಯಾಸ ಗಿನಿಗೆ ತಿಳಿಯದು.

ಅದನ್ನು ತಿಳಿಯುವಂತೆ ಅಳತೆ ಕಟ್ಟಿದವರು ಬ್ರಿಟನ್ನಿನ ಆಂಥೊನಿ ಅಟ್ಕಿನ್ಸನ್, 1970ರಲ್ಲಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ಅಳತೆ ಇದು, ಯಾಕೆಂದರೆ ಅಳೆಯುವವರು ತಮ್ಮ ಮನಸ್ಸಿನಲ್ಲಿರುವುದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕಾಗುತ್ತದೆ: ಬಡವರ ಒಂದು ರೂಪಾಯಿಗೆ ನೀವು ಎಷ್ಟು ಹೆಚ್ಚಿನ ತೂಕ ಕೊಡುತ್ತೀರಿ? ಆ ತೂಕದ ಅಂಕಿ 1 ಎಂದಿಟ್ಟರೆ, ಆದಾಯಗಳ ಗುಣೋತ್ತರ ಮಾಧ್ಯ ತೆಗೆದು ಸರಾಸರಿಯ ಜೊತೆ ಹೋಲಿಸಿದರೆ ಸಾಕು. ನಿಮ್ಮ ಕೇರಿಯಲ್ಲಿ ಅದು ಸುಮಾರು 1 ಲಕ್ಷ 77 ಸಾವಿರ. ಅರ್ಥ ಇಷ್ಟೆ: ಎಲ್ಲ ಮನೆಗೂ ಸಮನಾಗಿ 1 ಲಕ್ಷ 77 ಸಾವಿರ ಬಂದಿದ್ದರೆ, ಈಗಿನ ಸರಾಸರಿ ಎರಡೂವರೆ ಲಕ್ಷದಿಂದ ಆಗುತ್ತಿರುವಷ್ಟೇ ಒಳಿತು ಆಗುತ್ತಿತ್ತು. ಶೇ. 29ರಷ್ಟು ಅಸಮಾನತೆಯಲ್ಲೇ ಸೋರಿಹೋಯಿತು. ತೂಕ 2 ಎಂದಿಟ್ಟರೆ ಹರಾತ್ಮಕ ಮಾಧ್ಯ, 1 ಲಕ್ಷ 44 ಸಾವಿರ, ಸೋರಿಕೆ ಶೇ. 42. ಎರಡು ಮಾಧ್ಯಗಳನ್ನೂ ಮಕ್ಕಳು ಹೇಗಿದ್ದರೂ ಕಲಿಯಬೇಕಾದವರೇ, ಅವು ಯಾವ ಕೆಲಸಕ್ಕೆ ಬರುತ್ತವೆ ಎಂದು ಈ ನೆಪದಲ್ಲಿ ತಿಳಿಯಲಿ.

ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳುವುದಕ್ಕೆ ಪಾಲ್ಮಾ ಅನುಪಾತ ಸುಲಭ. ಮೇಲಿನ ಶೇ. 10ರ ಪಾಲನ್ನು ಕೆಳಗಿನ ಶೇ. 40ರ ಪಾಲಿನಿಂದ ಭಾಗಿಸುವುದು. ನಿಮ್ಮಲ್ಲಿ ಒಂದು ಮನೆಗೆ 10 ಲಕ್ಷ, ಕೆಳಗಿನ ನಾಲ್ಕು ಮನೆಗೆ ಸೇರಿ 3 ಲಕ್ಷ 90 ಸಾವಿರ, ಅನುಪಾತ 2.56. ವಿವರಣೆಯೇ ಬೇಡ.

ಆದರೆ ನಿಮ್ಮ ಅಂಕಿಗಳಿಗೆ ನಾನು ಕಡ್ಡಾಯವಾಗಿ ಹಾಕಿ ಎನ್ನುವುದು ಡಚ್ ಅರ್ಥಶಾಸ್ತ್ರಜ್ಞ ಹೆನ್ರಿ ಥೈಲ್ 1967ರಲ್ಲಿ ಕೊಟ್ಟ ಸೂಚ್ಯಂಕ. ಪ್ರತಿ ಮನೆಯ ಆದಾಯವನ್ನು ಸರಾಸರಿಯಿಂದ ಭಾಗಿಸಿ, ಬಂದದ್ದನ್ನು ಅದರ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿ, ಎಲ್ಲದರ ಸರಾಸರಿ ತೆಗೆಯಬೇಕು. ನಿಮ್ಮ ಕೇರಿಗೆ 0.396. ಒಂಟಿಯಾಗಿ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅದರ ಗುಣ ಇರುವುದು ಒಡೆಯುವುದರಲ್ಲಿ. ಕೂಲಿಯ ಏಳು ಮನೆ ಒಂದು ಗುಂಪು, ತೋಟದ ಮೂರು ಮನೆ ಒಂದು ಗುಂಪು ಎಂದು ಬಿಡಿಸಿದರೆ, ಒಟ್ಟು ಅಸಮಾನತೆಯಲ್ಲಿ ಸುಮಾರು ಶೇ. 69 ಎರಡು ಗುಂಪುಗಳ ನಡುವಿನದು, ಶೇ. 28 ತೋಟದವರ ಒಳಗಿನದು, ಕೂಲಿಯವರ ಒಳಗಿನದು ಬರೀ ಶೇ. 3. ದುಡಿಮೆಯಲ್ಲಿ ಚುರುಕು, ಸೋಮಾರಿತನ, ಕುಡಿತ ಎಂದೆಲ್ಲ ಕಾರಣ ಹೇಳುವವರು ಇರುತ್ತಾರೆ. ಮನುಷ್ಯರ ಸ್ವಭಾವದ ವ್ಯತ್ಯಾಸ ಕೂಲಿಯ ಏಳು ಮನೆಗಳ ನಡುವೆಯೂ ಇದ್ದೇ ಇದೆ, ಆದರೂ ಅಲ್ಲಿ ಅಂತರ ಇಷ್ಟು ಸಣ್ಣದು. ತೋಟ ಇದೆಯೇ ಇಲ್ಲವೇ ಎಂಬ ಒಂದೇ ಗೆರೆಯ ಆಚೀಚೆ ಉಳಿದದ್ದರ ಬಹುಪಾಲು ಬಿದ್ದಿದೆ. ಹತ್ತು ಮನೆಯಿಂದ ಇಡೀ ತಾಲ್ಲೂಕಿಗೆ ಇದನ್ನು ಹೇಳಲಾಗದು. ಐವತ್ತು-ಅರವತ್ತು ಮನೆಯನ್ನು ಚೀಟಿ ಎತ್ತಿ ಆರಿಸಿ ಇದೇ ಲೆಕ್ಕ ಮಾಡಿದರೆ ಆಗ ಮಾತಿಗೆ ಬಲ ಬರುತ್ತದೆ.

ಹಾಗೆ ಮತ್ತೊಮ್ಮೆ ಹೋಗುವುದಾದರೆ, ನನ್ನದೊಂದು ತಪ್ಪು ನಿಮಗೆ ಹೇಳಿಬಿಡುತ್ತೇನೆ. ವಯಸ್ಸಿನಲ್ಲಿ ಚಿಕ್ಕವನಿದ್ದಾಗ ತೀರ್ಥಹಳ್ಳಿ ಕಡೆ ಒಂದು ಹಳ್ಳಿಗೆ ಸಮೀಕ್ಷೆಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದರೆ ಕೂಲಿಯವರ ಮನೆಗಳೆಲ್ಲ ಬೀಗ. ಹಾಳೆಯಲ್ಲಿ ‘ಬೀಗ’ ಎಂದು ಬರೆದು ಮುಂದೆ ಹೋದೆ. ರಾತ್ರಿ ಉಳಿದ ಮನೆಯ ಅಂಗಳದಲ್ಲಿ ಬಲ್ಬಿನ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ನಾನು ಬೀಗ ಎಂದು ಬರೆದ ಮನೆಯವರೆಲ್ಲ ಅಲ್ಲಿದ್ದರು. ನಾಚಿಕೆಯಾಯಿತು. ಹತ್ತಿರ ಕೂತು ‘ಅಕ್ಕಾ, ವರ್ಷಕ್ಕೆ ಎಷ್ಟು ದುಡೀತೀರಿ?’ ಎಂದೆ. ಚೊಗರಿಗೆ ಕಪ್ಪಾದ ಬೆರಳು ನಿಲ್ಲಿಸದೆ ಆಕೆ ಹೇಳಿದರು: ‘ವರ್ಷದ್ದು ಯಾರು ಲೆಕ್ಕ ಇಡ್ತಾರೆ ಸಾರ್, ವಾರದ ಬಟವಾಡೆ ಕೇಳಿ, ಹೇಳ್ತೀನಿ.’

ಅದರ ನಂತರ ನಾನು ವರ್ಷದ್ದು ಕೇಳಿದ್ದೇ ಇಲ್ಲ. ಅಡಿಕೆ ಕೊನೆ ತೆಗೆಯುವ ಕಾಲದಲ್ಲಿ ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು. ನಾಟಿ ಕಾಲದಲ್ಲಿ ಎಷ್ಟು. ಜೋರು ಮಳೆಯ ಎರಡು ತಿಂಗಳು ಕೆಲಸ ಸಿಕ್ಕಿತೇ, ಸಿಗದಿದ್ದರೆ ಮನೆ ನಡೆದದ್ದು ಹೇಗೆ. ಹೀಗೆ ಬಿಡಿಬಿಡಿಯಾಗಿ ಕೇಳಿ ನೀವೇ ಕೂಡಿಕೊಳ್ಳಿ. ಮನೆಯ ಹಿತ್ತಲಿನ ತರಕಾರಿ, ಹಸುವಿನ ಹಾಲು, ಗೆಯ್ದ ಗದ್ದೆಯ ಅಕ್ಕಿಗೂ ಪೇಟೆಯ ಧಾರಣೆ ಕಟ್ಟಿ ಸೇರಿಸಿ. ಕೂಲಿಯ ಮನೆಗೆ ಸಂಜೆ ಏಳರ ಮೇಲೆ ಹೋಗಿ. ಗೇಟು ಹಾಕಿದ ದೊಡ್ಡ ಮನೆಗೆ ಮೂರು ಸಲ ಹೋಗಿ, ಮೂರನೇ ಸಲವೂ ಸಿಗದಿದ್ದರೆ ಬೇರೆ ಮನೆಯನ್ನು ಅದರ ಜಾಗಕ್ಕೆ ಹಾಕಬೇಡಿ, ಎಷ್ಟು ಎಕರೆ ತೋಟ ಎಂದು ವಿಚಾರಿಸಿ ಅಂದಾಜು ಹಾಕಿ, ಅದು ಅಂದಾಜು ಎಂದು ಗುರುತು ಮಾಡಿ.

ಇನ್ನೊಂದು. ಆ ಹತ್ತು ಮನೆಯಲ್ಲಿ ನಿಮ್ಮ ವಿದ್ಯಾರ್ಥಿಗಳ ಮನೆಯೂ ಇರಬಹುದು. ಹಾಳೆಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು, ಮಗು ತನ್ನ ಕೇರಿಗೆ ತಾನೇ ಹೋಗುವುದೂ ಬೇಡ. 80 ಯಾರ ಮನೆ ಎಂದು ತರಗತಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬೋರ್ಡಿನ ಮೇಲೆ ಬರೆಯಿರಿ.